ಮೂರು ಆ್ಯಪ್, ಮೂರು ಮಳೆ: ಅಡಿಕೆಗೆ ಎರಡನೇ ಕೊಳೆ ಔಷಧಿ ಹೊಡೆಸೋದಾ, ತಡೆಯೋದಾ?

ತೋಟಪಟ್ಟಿ (ಶಿರಸಿ)
ಪುನರ್ವಸು ಮಳೆ ಬಿಡ್ತಾ ಇಲ್ಲ. ಅಡಿಕೆಗೆ ಕೊಳೆರೋಗದ (ಕಾಯಿ ಕೊಳೆತು ಉದುರೋ ರೋಗ) ಮೊದಲ ಔಷಧಿ ಹೊಡೆಸಿ 45 ದಿನ ದಾಟಿದೆ, ಎರಡನೇದು ಈಗಲೇ ಆಗಬೇಕು. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡರು ಸಿಗೋದು ನಾಳೆ, ನಾಡಿದ್ದು ಎರಡೇ ದಿನ. ಒಂದು ಆ್ಯಪ್ ನಾಳೆ ‘70% ಮಳೆ, 22 ಮಿ.ಮೀ.’ ಅಂತಿದೆ. ಇನ್ನೊಂದು ಮಧ್ಯಾಹ್ನ ಮೂರರ ತನಕ ಹೊಳವು (ಮಳೆ ಬಿಡುವು) ಅಂತಿದೆ. ಮೂರನೇದರಲ್ಲಿ ಹವಾಮಾನ ಇಲಾಖೆ ಇಡೀ ಜಿಲ್ಲೆಗೆ ಆರೆಂಜ್ ಅಲರ್ಟ್ ಕೊಟ್ಟಿದೆ.
ಯಾವ ಆ್ಯಪ್ ಒಳ್ಳೇದು ಅನ್ನೋ ಚರ್ಚೆ ಪ್ರತಿ ವರ್ಷ ಆಗ್ತದೆ, ಅದು ಬೇಡ. ಎಲ್ಲವೂ ಅಷ್ಟಿಷ್ಟು ತಪ್ಪುತ್ತವೆ ಅಂತ ಗೊತ್ತಿಟ್ಟುಕೊಂಡೇ ತೀರ್ಮಾನ ಮಾಡೋ ಕ್ರಮ ಯಾರಾದ್ರೂ ಇಟ್ಕೊಂಡಿದ್ದೀರಾ?

ಘಟ್ಟದ ಕೆಳಗೆ
ಎರಡು ಆ್ಯಪ್ ತೆಗೆದು ಹಾಕಿ ಮಾರಾಯ್ರೆ, ಮಳೆ ತನ್ನಿಂದ ತಾನೇ ಕಡಿಮೆ ಆಗ್ತದೆ.

ಮೋಡದ ಲೆಕ್ಕ
ಮೊದಲು ನೋಡಬೇಕಾದ್ದು: ನಿಮ್ಮ ಮೂರು ಆ್ಯಪ್ ನಿಜವಾಗಿ ಮೂರು ಹೌದಾ? ಫೋನಿನ ಹೆಚ್ಚಿನ ಆ್ಯಪ್‌ಗಳು ಸ್ವಂತ ಲೆಕ್ಕ ಮಾಡೋದಿಲ್ಲ. ಅಮೆರಿಕದ ಜಿಎಫ್‌ಎಸ್ ಅಥವಾ ಯುರೋಪಿನ ಇಸಿಎಂಡಬ್ಲ್ಯುಎಫ್ ಮಾಡೆಲ್‌ನ (ಹವಾಮಾನದ ಕಂಪ್ಯೂಟರ್ ಲೆಕ್ಕ) ಅಂಕಿ ತಂದು ಬಣ್ಣ ಹಚ್ಚಿ ತೋರಿಸ್ತವೆ. ಎರಡು ಆ್ಯಪ್ ಒಂದೇ ಮಾತು ಹೇಳಿದ್ರೆ ‘ಇಬ್ಬರು ಸಾಕ್ಷಿ’ ಅಂತ ತಿಳೀಬೇಡಿ, ಒಬ್ಬನೇ ಎರಡು ಅಂಗಿ ಹಾಕಿ ಬಂದಿರಬಹುದು. ಕೆಲವದರ ಸೆಟ್ಟಿಂಗ್ಸ್‌ನಲ್ಲಿ ಯಾವ ಮಾಡೆಲ್ ಅಂತ ಇರ್ತದೆ, ನೋಡಿ. ವಿಂಡಿಯಂಥ ಆ್ಯಪ್‌ನಲ್ಲಿ ನೀವೇ ಬದಲಿಸಬಹುದು.

ಎರಡನೇದು, ಲೆಕ್ಕ ಯಾವಾಗಿನದು ಅನ್ನೋದು. ಮಾಡೆಲ್‌ಗಳ ದೊಡ್ಡ ಓಟಗಳು (ಒಂದೊಂದು ಸಲದ ಲೆಕ್ಕ) ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30 ಮತ್ತು ಸಂಜೆ 5:30ರ ಸ್ಥಿತಿ ಇಟ್ಕೊಂಡು ಶುರು ಆಗ್ತವೆ. ಲೆಕ್ಕ ಮುಗಿದು ಫೋನಿಗೆ ಬರೋಕೆ ಆರೇಳು ತಾಸು ಬೇಕು. ಬೆಳಿಗ್ಗೆ ಆರಕ್ಕೆ ನೀವು ನೋಡ್ತಾ ಇರೋದು ಹಿಂದಿನ ಸಂಜೆಯ ಓಟ. ಒಂದು ಆ್ಯಪ್ ಹೊಸದು ತೋರಿಸ್ತಾ ಇದೆ, ಇನ್ನೊಂದು ಹಳೇದರಲ್ಲೇ ಕೂತಿದೆ ಅಂದ್ರೂ ಇಂಥ ವ್ಯತ್ಯಾಸ ಬರ್ತದೆ.

ಮೂರನೇದು ಘಟ್ಟ. ಮಾಡೆಲ್ ನೆಲವನ್ನ ಚೌಕಗಳಾಗಿ ಮಾಡಿ ಲೆಕ್ಕ ಹಾಕ್ತದೆ. ಯುರೋಪಿನ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ., ಜಿಎಫ್‌ಎಸ್‌ದು ಸುಮಾರು 13. ನಮ್ಮ ಇಲಾಖೆಯ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ 6 ಕಿ.ಮೀ.ಗೆ ಬಂತು. ದೇವಿಮನೆ ಘಟ್ಟದ ಬುಡ, ನೆತ್ತಿ ಎರಡೂ ಇಂಥ ಒಂದೆರಡು ಚೌಕದಲ್ಲಿ ಮುಗಿದುಹೋಗ್ತವೆ. ಚೌಕದೊಳಗಿನ ಎತ್ತರವನ್ನೆಲ್ಲ ಸರಾಸರಿ ಮಾಡಿದ ಮೇಲೆ ಕಡಿದಾದ ಗುಡ್ಡ ಇಳಿಜಾರಾಗ್ತದೆ. ಹಾಗಾಗಿ ಮಳೆ ಬರ್ತದೆ ಅನ್ನೋದು ಸರಿ ಇದ್ದೂ ಬೀಳೋ ಜಾಗ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಹೋಗ್ತದೆ. 22 ಮಿ.ಮೀ. ಅನ್ನೋ ಅಂಕಿಯನ್ನ ಇಷ್ಟೂ ನೆನಪಿಟ್ಕೊಂಡೇ ಓದಬೇಕು.

ಹಳಿಯಾಳ ಗದ್ದೆ
ಆರೆಂಜ್ ಅಲರ್ಟ್ ಬಗ್ಗೆ ಒಂದು ಮಾತು. ಅದು ಜಿಲ್ಲೆಗೆ ಕೊಡೋದು. ನಮ್ಮ ಉತ್ತರ ಕನ್ನಡ ಜಿಲ್ಲೆ ಭಟ್ಕಳದಿಂದ ಹಳಿಯಾಳದ ತನಕ ಇದೆ. ಕರಾವಳಿ ಪಟ್ಟಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೇಲೆ ಬೀಳ್ತದೆ, ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ. ಅಲರ್ಟ್ ದಿನ ಇಲ್ಲಿ ಬಿಸಿಲು ಕಾದದ್ದು ಎಷ್ಟು ಸಲವೋ.

ಮೋಡದ ಲೆಕ್ಕ
ಹೌದು, ಅದಕ್ಕೇ ಬಣ್ಣದ ಕೆಳಗಿನ ಅಕ್ಷರ ಓದಬೇಕು. 64.5ರಿಂದ 115.5 ಮಿ.ಮೀ. ತನಕ ‘ಭಾರಿ’. 115.6ರಿಂದ 204.4 ‘ಅತಿ ಭಾರಿ’. ಅದರ ಮೇಲೆ ‘ಅತ್ಯಂತ ಭಾರಿ’. ಇದರ ಜೊತೆ ವ್ಯಾಪ್ತಿಯ ಮಾತೂ ಇರ್ತದೆ: ‘ಒಂದೆರಡು ಕಡೆ’ ಅಂದ್ರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗದ ಒಳಗೆ, ‘ಕೆಲವು ಕಡೆ’ ಅಂದ್ರೆ ಅರ್ಧದ ಒಳಗೆ, ‘ಹಲವು ಕಡೆ’ ಮುಕ್ಕಾಲರ ಒಳಗೆ, ‘ಬಹುತೇಕ ಕಡೆ’ ಅದಕ್ಕಿಂತ ಮೇಲೆ. ‘ಒಂದೆರಡು ಕಡೆ ಅತಿ ಭಾರಿ’ ಅಂತ ಇದ್ದು ಅದು ಹೊನ್ನಾವರದಲ್ಲಿ ಬಿದ್ರೆ ಹಳಿಯಾಳದಲ್ಲಿ ಬಿಸಿಲಿದ್ರೂ ಅಲರ್ಟ್ ಸರಿಯೇ. ಬಣ್ಣ ಇರೋದು ಜಿಲ್ಲಾಡಳಿತಕ್ಕೆ, ಶಾಲೆ ರಜೆಗೆ, ದೋಣಿಗೆ. ಔಷಧಿ ಹೊಡೆಯೋ ಪ್ರಶ್ನೆಗೆ ಅದು ಉತ್ತರ ಕೊಡೋದಿಲ್ಲ.

ಸೋಗೆ ಮನೆ
70% ಅಂದ್ರೆ ದಿನದ 70 ಭಾಗ ಮಳೆ ಹೊಯ್ತದೆ ಅಂತ ತಾನೆ? ಹಾಗಾದ್ರೆ 30 ಭಾಗ ಸಿಗ್ತದಲ್ಲ, ಅಷ್ಟರಲ್ಲಿ ಹೊಡೆಸಿ ಮುಗಿಸಬಹುದು.

ಮೋಡದ ಲೆಕ್ಕ
ಅಲ್ಲ. ಇಂಥ ಹತ್ತು ದಿನ ಬಂದ್ರೆ ಏಳು ದಿನ ಮಳೆ ಬಂದೀತು ಅಂತ. ಎಷ್ಟು ಹೊತ್ತು, ಎಷ್ಟು ಜೋರು ಅಂತ ಅದರಲ್ಲಿ ಇಲ್ಲ. ಕೆಲವು ಆ್ಯಪ್ 0.1 ಅಥವಾ 0.2 ಮಿ.ಮೀ. ಬಂದ್ರೂ ‘ಮಳೆ’ ಅಂತ ಎಣಿಸ್ತವೆ. ಜುಲೈನಲ್ಲಿ ಶಿರಸಿಗೆ ಆ ಲೆಕ್ಕದಲ್ಲಿ ದಿನಾ ಮಳೆಯೇ. ನಮಗೆ ಬೇಕಾದ್ದು ಬೇರೆ: ಹೊಡೆದ ಔಷಧಿ ಒಣಗಿ ಕಾಯಿ ಮೇಲೆ ಪೊರೆ ಕೂರೋ ತನಕ, ಮಳೆಗಾಲದ ತೇವದಲ್ಲಿ ಮೂರ್ನಾಲ್ಕು ತಾಸು ಅನ್ನಿ, ಹೊಳವು ಇದ್ಯಾ? ಅದಕ್ಕೆ ದಿನದ ಶೇಕಡಾ ಬಿಟ್ಟು ತಾಸುವಾರು ಪಟ್ಟಿ ತೆಗೀರಿ.

ತೋಟಪಟ್ಟಿ (ಶಿರಸಿ)
ತಾಸುವಾರು ಪಟ್ಟಿ ಇನ್ನೂ ತಪ್ತದೆ ಅಲ್ದಾ?

ಮೋಡದ ಲೆಕ್ಕ
ತಪ್ತದೆ. ನಾಡಿದ್ದು ಮೂರು ಗಂಟೆಗೆ ಮಳೆ ಅಂತ ಬರೆದಿದ್ರೆ ಆ ಮೂರು ಗಂಟೆಗೆ ಬೆಲೆ ಇಲ್ಲ. ಅಲ್ಲಿ ನೋಡಬೇಕಾದ್ದು ಆಕಾರ: ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಹೆಚ್ಚು, ಹೀಗೆ. ಇಸಿಎಂಡಬ್ಲ್ಯುಎಫ್ ಒಂದೇ ಲೆಕ್ಕವನ್ನ ಆರಂಭದ ಸ್ಥಿತಿ ಸ್ವಲ್ಪ ಸ್ವಲ್ಪ ಬದಲಿಸಿ 51 ಸಲ ಓಡಿಸ್ತದೆ. ಅಷ್ಟೂ ಓಟ ಒಟ್ಟಿಗೆ ತೋರಿಸೋ ಗುಂಪುನಕ್ಷೆ ಸಿಕ್ಕಿದ್ರೆ ಸರಾಸರಿ ಬಿಟ್ಟು ಹರಡಿಕೆ ನೋಡಿ. 51ರಲ್ಲಿ 45 ಒಣ ಅಂದ್ರೆ ಒಂದು ಮಾತು. 25 ಒಣ, 26 ಒದ್ದೆ ಅಂದ್ರೆ ಮಾಡೆಲ್ಲೇ ‘ನಂಗೆ ಗೊತ್ತಿಲ್ಲ’ ಅಂತಿದೆ. ಆ ‘ಗೊತ್ತಿಲ್ಲ’ವನ್ನೂ ಆ್ಯಪ್ ಒಂದು ಮೋಡದ ಚಿತ್ರ ಹಾಕಿ ಮುಚ್ಚಿಬಿಡ್ತದೆ.

ಪಂಚಾಂಗ ಪ್ರಿಯ
ಪುನರ್ವಸು, ಪುಷ್ಯ, ಆಶ್ಲೇಷ ಅಂತ ಹಿರಿಯರು ಹೇಳಿಟ್ಟದ್ದು ಈ 51 ಲೆಕ್ಕಕ್ಕಿಂತ ಎಂತ ಕಡಿಮೆ?

ಡಬ್ಬಿ ಮಾಪಕ
ಕಡಿಮೆ ಅಲ್ಲ, ಅದು ಬೇರೆ ಥರದ ಮುನ್ಸೂಚನೆ. ‘ಈ ದಿನಗಳಲ್ಲಿ ಸಾಮಾನ್ಯವಾಗಿ ಇಷ್ಟು’ ಅಂತ ಅದು ಹೇಳೋದು. ಯಾವ ಆ್ಯಪ್ ಆದ್ರೂ ಮೊದಲು ಸೋಲಿಸಬೇಕಾದ್ದು ಅದನ್ನೇ. ಎಷ್ಟೋ ಆ್ಯಪ್ ಸೋಲಿಸೋದಿಲ್ಲ ಅನ್ನೋದೇ ತಮಾಷೆ. ಲೆಕ್ಕ ಹಾಕಿ ತೋರಿಸ್ತೆ.

ಜುಲೈನ 31 ದಿನದಲ್ಲಿ 26 ದಿನ ಮಳೆ, 5 ದಿನ ಹೊಳವು ಅಂತ ಇಟ್ಕೊಳ್ಳಿ. ಕಣ್ಣು ಮುಚ್ಚಿ ದಿನಾ ‘ಮಳೆ’ ಅಂತ ಹೇಳಿದವನು 84% ಸರಿ. ಈಗ ಒಂದು ಆ್ಯಪ್ 8 ದಿನ ‘ಒಣ’ ಅಂತ ಹೇಳ್ತು, ಅದರಲ್ಲಿ 3 ದಿನ ನಿಜಕ್ಕೂ ಒಣ. ಉಳಿದ 23 ದಿನ ‘ಮಳೆ’ ಅಂತ ಹೇಳ್ತು, ಅದರಲ್ಲಿ 21 ಸರಿ. ಒಟ್ಟು 24 ಸರಿ, 77%. ಕಣ್ಣು ಮುಚ್ಚಿ ಹೇಳಿದವನಿಗಿಂತ ಕಡಿಮೆ! ಆದ್ರೂ ಔಷಧಿ ಹೊಡೆಸೋರಿಗೆ ಉಪಯೋಗ ಈ ಆ್ಯಪ್‌ನಿಂದಲೇ. ಏನೂ ನೋಡದೆ ಒಂದು ದಿನ ಆರಿಸಿದ್ರೆ ಹೊಳವು ಸಿಗೋ ಸಾಧ್ಯತೆ 31ರಲ್ಲಿ 5, ಅಂದ್ರೆ 16%. ಆ್ಯಪ್ ‘ಒಣ’ ಅಂದ ದಿನ ಆರಿಸಿದ್ರೆ 8ರಲ್ಲಿ 3, ಅಂದ್ರೆ 38%. ಹಾಗಾಗಿ ‘ನಮ್ಮ ಆ್ಯಪ್ 90% ನಿಖರ’ ಅನ್ನೋ ಜಾಹೀರಾತಿಗೆ ಬೆಲೆ ಕೊಡಬೇಡಿ. ನಿಮಗೆ ಬೇಕಾದ ಪ್ರಶ್ನೆ ಒಂದೇ: ಅದು ‘ಒಣ’ ಅಂದಾಗ ಎಷ್ಟು ಸಲ ಒಣ?

ಇದಕ್ಕೆ ನಿಮ್ಮದೇ ದಾಖಲೆ ಬೇಕು. ನೇರ ಗೋಡೆಯ, ಬಾಯಿ ಬುಡ ಒಂದೇ ಅಗಲ ಇರೋ ಡಬ್ಬಿ ಸಾಕು. ಒಳಗೆ ನಿಂತ ನೀರಿನ ಎತ್ತರವೇ ಮಿ.ಮೀ. ಬಾಟಲಿಯ ಹಾಗೆ ಕುತ್ತಿಗೆ ಸಪೂರ ಇದ್ರೆ ಲೆಕ್ಕ ಕೆಡ್ತದೆ. ಮರ, ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇಡಿ. ಅಳತೆ ಬೆಳಿಗ್ಗೆ 8:30ಕ್ಕೆ, ಯಾಕಂದ್ರೆ ಇಲಾಖೆಯ ‘24 ಗಂಟೆ ಮಳೆ’ ಅನ್ನೋದು 8:30ರಿಂದ 8:30ಕ್ಕೆ. ಆ್ಯಪ್‌ನ ‘ನಾಳೆ’ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಈ ಎರಡನ್ನ ಹಾಗೇ ಹೋಲಿಸಿ ‘ಆ್ಯಪ್ ಸುಳ್ಳು’ ಅನ್ನೋರು ಬಹಳ ಜನ.

ಘಟ್ಟದ ಕೆಳಗೆ
ಇಷ್ಟೆಲ್ಲ ಬರೆದಿಡೋ ಹೊತ್ತಿಗೆ ಕೊಳೆ ಬಂದು ಕಾಯಿ ಉದುರಿರ್ತದೆ 😄

ಡಬ್ಬಿ ಮಾಪಕ
ದಿನಕ್ಕೆ ಒಂದು ಸಾಲು ಮಾರಾಯ್ರೆ. ಒಂದು ಮಳೆಗಾಲ ಬರೆದ್ರೆ ಸಾಕು.

ಬೆಟ್ಟ ಭೂಮಿ
ಶೇಕಡಾ ಗೊತ್ತಾಯ್ತು ಅಂತ ಇಟ್ಕೊಳ್ಳಿ, ಆಮೇಲೆ ಎಷ್ಟಕ್ಕೆ ಹೂಂ ಅನ್ನೋದು? ಅದು ಆ್ಯಪ್ ಹೇಳೋ ವಿಷಯ ಅಲ್ಲ, ನಿಮ್ಮ ತೋಟದ ಜಮಾಖರ್ಚು. ಹೊಡೆದು ತೊಳೆದುಹೋದ್ರೆ ಆಗೋ ನಷ್ಟ ‘ತೊ’: ಮೈಲುತುತ್ತ, ಸುಣ್ಣ, ಕೂಲಿ ಎಲ್ಲ ಸೇರಿ ಎಕರೆಗೆ 4,000 ಅನ್ನಿ. ತಡ ಮಾಡಿದ್ರೆ ಆಗೋ ನಷ್ಟ ‘ತ’: ಈ ವಾರ ಕೊಳೆ ಬೀಳೋ ಸಾಧ್ಯತೆ 5%, ಬಿದ್ರೆ 40,000 ಹೋಗ್ತದೆ ಅಂತಾದ್ರೆ 2,000. ಮಳೆಯ ಸಾಧ್ಯತೆಯನ್ನ ‘ತೊ’ದಿಂದ ಗುಣಿಸಿ. ಅದು ‘ತ’ಗಿಂತ ಕಡಿಮೆ ಇದ್ರೆ ಹೊಡೆಸಿ. ಈ ಅಂಕಿಗೆ ಗಡಿ 50%.

ಡಬ್ಬಿ ಮಾಪಕ
ಲೆಕ್ಕದಲ್ಲಿ ಒಂದು ತೂತು ಇದೆ. ಔಷಧಿ ತೊಳೆದುಹೋದ್ರೆ ದುಡ್ಡೂ ಹೋಯ್ತು, ತೋಟವೂ ರಕ್ಷಣೆ ಇಲ್ಲದೆ ನಿಂತಿತು. ಅಂದ್ರೆ ಮಳೆ ಬಂದಾಗಿನ ನಷ್ಟ ‘ತೊ + ತ’, ಬರೇ ‘ತೊ’ ಅಲ್ಲ. ಹಾಗಾಗಿ ಗಡಿ: ತ ÷ (ತೊ + ತ). 2,000 ÷ 6,000, ಅಂದ್ರೆ 33%. ಮಳೆ ಸಾಧ್ಯತೆ ಅದಕ್ಕಿಂತ ಕೆಳಗಿದ್ರೆ ಮಾತ್ರ ಹೊಡೆಸೋದು.

ಬೆಟ್ಟ ಭೂಮಿ
ಒಪ್ಪಿದೆ. ಆದ್ರೆ ‘ತ’ ದಿನಾ ಬೆಳೀತಾ ಹೋಗ್ತದೆ ಅನ್ನೋದೇ ಮುಖ್ಯ. ಮೊದಲ ಔಷಧಿಯಿಂದ 35ನೇ ದಿನಕ್ಕೆ ‘ತ’ ಸಣ್ಣದು, ಕಾದ್ರೆ ಏನೂ ಹೋಗೋದಿಲ್ಲ. 55 ದಿನ ಆಗಿ, ಬಿಟ್ಟೂಬಿಡದ ಮಳೆ, ಪಕ್ಕದ ತೋಟದಲ್ಲಿ ಕಾಯಿ ಉದುರ್ತಾ ಇದ್ರೆ 5% ಇದ್ದದ್ದು 20% ಆಗ್ತದೆ, ‘ತ’ 8,000. ಗಡಿ 8 ÷ 12, ಅಂದ್ರೆ 67%. ಅದೇ ಆ್ಯಪ್ ಅದೇ ‘60%’ ತೋರಿಸಿದ್ರೂ ಒಂದು ದಿನ ಬೇಡ, ಇನ್ನೊಂದು ದಿನ ಬೇಕು. ಕೊಟ್ಟೆ (ಪ್ಲಾಸ್ಟಿಕ್ ಹೊದಿಕೆ) ಕಟ್ಟಿದ ಅಡಿಕೆ ಕೊನೆಗಳಿಗೆ ಈ ಲೆಕ್ಕ ಬರೋದೇ ಇಲ್ಲ, ಅವನ್ನ ಪಕ್ಕಕ್ಕಿಡಿ.

ಸೋಗೆ ಮನೆ
ತೊಳೆದುಹೋಯ್ತು ಅಂದ್ರೆ ಪೂರ್ತಿ ಹೋಗೋದಿಲ್ಲ. ಎರಡು ತಾಸು ಒಣಗಿದ್ರೆ ಒಂದಷ್ಟು ನಿಲ್ತದೆ. ರಾಳ ಹಾಕಿದ್ರೆ ಇನ್ನೂ ಹೆಚ್ಚು ಹಿಡೀತದೆ.

ದೋಟಿ
ನಂಗೆ ಈ ಶೇಕಡಾ ಜಗಳಕ್ಕಿಂತ ಬೇರೆ ದಾರಿ ಸರಿ ಕಾಣ್ತದೆ. ಮುನ್ಸೂಚನೆ ಸುಧಾರಿಸೋದು ನಮ್ಮ ಕೈಯಲ್ಲಿಲ್ಲ. ಅದು ತಪ್ಪಿದಾಗ ಆಗೋ ನಷ್ಟ ಇಳಿಸೋದು ನಮ್ಮ ಕೈಯಲ್ಲಿದೆ.

ನಾವು ಹೊಡೆಯೋ ಕೊಳೆ ಔಷಧಿ, 1% ಬೋರ್ಡೋ ದ್ರಾವಣ ಅಂದ್ರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅದೇ ದಿನ ಖಾಲಿ ಆಗಬೇಕು, ಮರುದಿನಕ್ಕೆ ಬರೋದಿಲ್ಲ. ಆದ್ರೆ ಮೈಲುತುತ್ತದ ದ್ರಾವಣ ಬೇರೆ, ಸುಣ್ಣದ ನೀರು ಬೇರೆ ಇಟ್ರೆ ಎರಡೂ ಉಳೀತವೆ. ಹಾಗಾಗಿ ಬೆಳಿಗ್ಗೆಯೇ ನಾಲ್ಕು ಡ್ರಮ್ ಬೆರೆಸಿ ಇಡೋದು ಯಾಕೆ? 50 ಲೀಟರ್ ಇದು, 50 ಲೀಟರ್ ಅದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಇಡಿ. ಒಂದು ಡ್ರಮ್ ಹೊಡೆದು ಮುಗೀತಾ ಬಂದಾಗ ಆಕಾಶ, ರಾಡಾರ್ ನೋಡಿ ಮುಂದಿನದು ಬೆರೆಸಿ. ಸುಣ್ಣದ ನೀರಿಗೆ ಮೈಲುತುತ್ತದ ನೀರು ನಿಧಾನ ಹೊಯ್ಯಬೇಕು, ಕಲಕ್ತಾ ಇರಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕು ಒಂದು ನಿಮಿಷ ಅದ್ದಿ ತೆಗೀರಿ. ಕೆಂಪು ಲೇಪ ಬಂದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಹೀಗೆ ಮಾಡಿದ್ರೆ ಆ್ಯಪ್ ತಪ್ಪಿದಾಗ ಹೋಗೋದು ಒಂದು ಡ್ರಮ್, ಇಡೀ ದಿನದ್ದಲ್ಲ.

ತೋಟದ ಕ್ರಮವೂ ಅಷ್ಟೇ. ತಗ್ಗು, ನೀರು ನಿಲ್ಲೋ ಜಾಗ, ಕಳೆದ ವರ್ಷ ಕೊಳೆ ಬಿದ್ದ ಸಾಲು ಮೊದಲು. ಮಧ್ಯಾಹ್ನ ಮಳೆ ಹಿಡಿದ್ರೂ ಮುಖ್ಯವಾದ್ದು ಮುಗಿದಿರ್ತದೆ.

ತೋಟಪಟ್ಟಿ (ಶಿರಸಿ)
ಡ್ರಮ್ಮಿಗೊಂದು ತೀರ್ಮಾನ, ಇದು ಒಳ್ಳೆ ಮಾತು. ರಾಡಾರ್ ಅಂದ್ರೆ ಗೋವಾದ್ದಾ?

ಮೋಡದ ಲೆಕ್ಕ
ಪಣಜಿಯದ್ದು. ಆದ್ರೆ ಎಚ್ಚರ. ರಾಡಾರ್ ಕಿರಣ ದೂರ ಹೋದ ಹಾಗೆ ಮೇಲೇರ್ತದೆ. ಅತಿ ತಗ್ಗಿನ ಕೋನದಲ್ಲೂ ಕಾರವಾರದ ಮೇಲೆ ಸುಮಾರು 1 ಕಿ.ಮೀ. ಎತ್ತರ, ಶಿರಸಿ ಹೊತ್ತಿಗೆ ಸುಮಾರು 2.5. ಮಳೆಗಾಲದ ಗಿಡ್ಡ ಮೋಡ ಅದರ ಕೆಳಗೇ ಸುರಿದು ಮುಗಿಸ್ತದೆ. ಹಾಗಾಗಿ ಶಿರಸಿಯವರಿಗೆ ರಾಡಾರ್‌ನಲ್ಲಿ ಬಣ್ಣ ಕಂಡ್ರೆ ಮಳೆ ಇದೆ ಅನ್ನೋದು ನಂಬಬಹುದು. ಬಣ್ಣ ಇಲ್ಲ ಅಂದ್ರೆ ಮಳೆ ಇಲ್ಲ ಅಂತ ನಂಬೋ ಹಾಗಿಲ್ಲ. ಪಂಚಾಯ್ತಿವಾರು ಟೆಲಿಮೆಟ್ರಿಕ್ (ತಾನಾಗಿ ಅಂಕಿ ಕಳಿಸೋ) ಮಳೆಮಾಪಕದ ಅಂಕಿ ರಾಜ್ಯ ವಿಪತ್ತು ನಿರ್ವಹಣಾ ಉಸ್ತುವಾರಿ ಕೇಂದ್ರದಲ್ಲಿ ಸಿಗ್ತದೆ. ಗಾಳಿ ಪಶ್ಚಿಮದಿಂದ ಬರೋವಾಗ ಘಟ್ಟದ ಅಂಚಿನ ಪಂಚಾಯ್ತಿಯ ಅಂಕಿ ನೋಡಿದ್ರೆ ನಿಮ್ಮಲ್ಲಿಗೆ ಎಂತ ಬರ್ತಾ ಇದೆ ಅಂತ ಅಂದಾಜು ಸಿಗ್ತದೆ.

ಬೈತಖೋಲ್ ಬಲೆ
ತೋಟದವರು ಸುಖಿಗಳು, ಡ್ರಮ್ಮಿಗೊಂದು ಸಲ ತೀರ್ಮಾನ ಬದಲಿಸ್ತಾರೆ. ಬೋಟು ಬಂದರು ಬಿಟ್ಟ ಮೇಲೆ ಡೀಸೆಲ್ ಹೋಯ್ತೇ ಹೋಯ್ತು. ಹೈದರಾಬಾದಿನ ಇನ್ಕಾಯಿಸ್ (ಕೇಂದ್ರದ ಸಾಗರ ಮಾಹಿತಿ ಸಂಸ್ಥೆ) ಮೀನು ಸಿಗೋ ಜಾಗದ ಸೂಚನೆ ಕೊಡ್ತದೆ: ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ಕಿ.ಮೀ., ಎಷ್ಟು ಆಳ, ಅಕ್ಷಾಂಶ ರೇಖಾಂಶ ಎಲ್ಲ. ಹೋದ್ರೆ ಮೀನು ಇರ್ತದೋ ಇಲ್ವೋ. ಜನ ಬಯ್ತಾರೆ.

ಅಳಿವೆ
ಬಯ್ಯೋರು ಅದು ಎಂತ ಅಳೀತದೆ ಅಂತ ನೋಡೋದಿಲ್ಲ. ಉಪಗ್ರಹಕ್ಕೆ ಮೀನು ಕಾಣೋದಿಲ್ಲ. ಕಾಣೋದು ಮೇಲ್ನೀರಿನ ಬಿಸಿ ಮತ್ತು ಪಾಚಿಯ ಹಸಿರು. ಬಿಸಿ ನೀರು, ತಣ್ಣೀರು ಕೂಡುವ ಗೆರೆಯಲ್ಲಿ ಮೀನಿನ ಆಹಾರ ಸೇರ್ತದೆ, ಅಲ್ಲಿಗೆ ಮೀನು ಬಂದೀತು ಅನ್ನೋ ಊಹೆ. ಹಾಗಾಗಿ ಬಂಗುಡೆ, ತಾರ್ಲೆಯಂಥ ಮೇಲ್ನೀರಿನ ಮೀನಿಗೆ ಕೆಲಸಕ್ಕೆ ಬರ್ತದೆ. ತಳ ಎಳೆಯೋ ಟ್ರಾಲ್ ಬೋಟಿನ ಸಿಗಡಿಗೆ ಅಷ್ಟಿಲ್ಲ. ಮೋಡ ಮುಚ್ಚಿದ್ರೆ ಉಪಗ್ರಹಕ್ಕೆ ನೀರಿನ ಬಿಸಿ ಕಾಣೋದಿಲ್ಲ, ಸೂಚನೆಯೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ನಿಷೇಧ ಇರೋದ್ರಿಂದ ಆಗ ಹೇಗೂ ಪ್ರಶ್ನೆ ಬರೋದಿಲ್ಲ.

ಇನ್ನೊಂದು: ಕೊಟ್ಟದ್ದು ಬಿಂದು ಅಂತ ತಿಳಿದು ನೇರ ಅಲ್ಲಿಗೇ ಹೋಗಿ ಬಲೆ ಬಿಡಬಾರದು. ಗೆರೆ ಹರಿವಿನ ಜೊತೆ ಸರೀತಾ ಇರ್ತದೆ. ಅದನ್ನ ಅಡ್ಡ ಹಾಯೋ ಹಾಗೆ ಹೋಗಿ, ನೀರಿನ ಬಣ್ಣ, ಹಕ್ಕಿ, ಫಿಶ್ ಫೈಂಡರ್ ನೋಡ್ತಾ ಹೋಗಬೇಕು. ದೂರದ ಉಪಕರಣ ಹುಡುಕೋ ಪ್ರದೇಶ ಸಣ್ಣದು ಮಾಡ್ತದೆ. ಬಲೆ ಬಿಡೋ ತೀರ್ಮಾನ ಹತ್ತಿರದ ಉಪಕರಣದ್ದು.

ಬೈತಖೋಲ್ ಬಲೆ
ಮತ್ತೆ ಎಲ್ಲ ಬೋಟಿಗೂ ಅದೇ ಸೂಚನೆ. ಎಲ್ಲರೂ ಅಲ್ಲೇ ನೆರೆದ್ರೆ ಪಾಲಿಗೆ ಬರೋದೆಷ್ಟು? ಸೂಚನೆ ಸರಿ ಇದ್ರೂ ನಷ್ಟ.

ಅಳಿವೆ
ಅದು ಹೌದು. ಅದಕ್ಕಿಂತ ಅಪಾಯದ್ದು ಅಲೆಯ ಅಂಕಿ. ಆ್ಯಪ್‌ನಲ್ಲಿ ‘2 ಮೀಟರ್’ ಅಂದ್ರೆ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ನಡುವೆ ಒಂದೊಂದು ಅಲೆ ಅದರ ಎರಡು ಪಟ್ಟಿನ ಹತ್ತಿರ ಬರ್ತದೆ. ಮತ್ತೆ ಆ ಅಂಕಿ ತೆರೆದ ಸಮುದ್ರದ್ದು. ಹೊನ್ನಾವರದಲ್ಲಿ ಶರಾವತಿ ಅಳಿವೆಯ ಹೂಳು, ತದಡಿಯಲ್ಲಿ ಅಘನಾಶಿನಿ ಬಾಯಿಯ ಮರಳು ಅದಕ್ಕೆ ಗೊತ್ತಿಲ್ಲ. ಇಳಿತದ ನೀರು ಹೊರಗೆ ನುಗ್ತಾ ಇರುವಾಗ ಎದುರಿಂದ ಅಲೆ ಬಂದ್ರೆ ಆ ಹೂಳಿನ ಮೇಲೆ ಅಲೆ ಎದ್ದು ಮುರೀತದೆ. ಹಾಗಾಗಿ ಒಳಗೆ ಬರೋ ಹೊತ್ತು ಆರಿಸೋಕೆ ಅಲೆಯ ಎತ್ತರದ ಜೊತೆ ಇನ್ನೆರಡು ನೋಡಿ: ಉಬ್ಬರವಿಳಿತದ ಪಟ್ಟಿ, ಅಲೆಯ ಅವಧಿ (ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯೋ ಹೊತ್ತು). ಅವಧಿ 14 ಸೆಕೆಂಡು ಮೇಲಿದ್ರೆ ದೂರದ ಸಮುದ್ರದಿಂದ ಬಂದ ಅಲೆ ಅದು. ಇಲ್ಲಿ ಗಾಳಿ ಒಂದಿಷ್ಟೂ ಇಲ್ಲದಿದ್ರೂ ದಡದಲ್ಲಿ ಜೋರಾಗ್ತದೆ.

ವಿಮೆ ಸಂತ್ರಸ್ತ
ನೀವೆಲ್ಲ ಉಪಕರಣ ತಪ್ಪಿದ್ರೆ ನಾವೇ ಸರಿ ಮಾಡ್ಕೊಳ್ಳೋ ಮಾತಾಡ್ತೀರಿ. ಉಪಕರಣವೇ ತೀರ್ಮಾನ ಮಾಡಿದ್ರೆ? ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ತೋಟಕ್ಕೆ ಯಾರೂ ಬಂದು ನೋಡೋದಿಲ್ಲ. ಪಂಚಾಯ್ತಿಯ ಮಳೆಮಾಪಕ ಹೇಳಿದ್ದೇ ವೇದವಾಕ್ಯ. ವಿಮಾ ಮೊತ್ತದ 5% ರೈತನ ಕಂತು. ಮಾಪಕ ಕೆಟ್ಟು ಕೂತಿದ್ರೆ ಪರಿಹಾರವೂ ಕೆಟ್ಟು ಕೂರ್ತದೆ.

ಡಬ್ಬಿ ಮಾಪಕ
ಅಲ್ಲಿರೋದು ತೂಗುಬಟ್ಟಲಿನ ಮಾಪಕ. ಇಂತಿಷ್ಟು ಮಳೆಗೆ ಒಂದು ಸಲ ಬಟ್ಟಲು ಮಗಚ್ತದೆ, ಯಂತ್ರ ಅದನ್ನ ಎಣಿಸ್ತದೆ. ಕೆಡೋದು ಮೂರು ಥರ. ಆಲಿಕೆಯ ಬಾಯಿಗೆ ಎಲೆ, ಹಕ್ಕಿ ಹಿಕ್ಕೆ, ಇರುವೆ ಗೂಡು ಕಟ್ಟಿ ನೀರು ಹನಿ ಹನಿಯಾಗಿ ಇಳೀತದೆ: ದಿನದ ಒಟ್ಟು ಹೆಚ್ಚುಕಡಿಮೆ ಬರ್ತದೆ, ಆದ್ರೆ ಮಳೆ ನಿಂತ ಮೇಲೂ ಮಳೆ ಅಂತ ತೋರಿಸ್ತದೆ. ಪೂರ್ತಿ ಕಟ್ಟಿದ್ರೆ ಸೊನ್ನೆ. ಜಡಿಮಳೆಯಲ್ಲಿ ಬಟ್ಟಲು ಮಗಚೋ ಹೊತ್ತಿಗೆ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಕಡಿಮೆ ತೋರಿಸ್ತದೆ. ಅಕ್ಕಪಕ್ಕದ ಪಂಚಾಯ್ತಿಯಲ್ಲಿ 80 ಇದ್ದು ನಿಮ್ಮಲ್ಲಿ ಸೊನ್ನೆ ಅಂದ್ರೆ ಅವತ್ತೇ ಪರದೆಯ ಚಿತ್ರ ತೆಗೆದು ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಕೊಳ್ಳಿ. ಒಂದು ಕೇಂದ್ರ ಕೆಟ್ರೆ ಬದಲಿ ಕೇಂದ್ರದ ಅಂಕಿ ಬಳಸೋಕೆ ಯೋಜನೆಯಲ್ಲೇ ಅವಕಾಶ ಇದೆ. ಆದ್ರೆ ಕೆಟ್ಟದ್ದು ಯಾವತ್ತು ಅಂತ ತೋರಿಸೋರು ಬೇಕು. ಪರಿಹಾರ ಬರೋ ಹೊತ್ತಿಗೆ ಎಚ್ಚರ ಆದ್ರೆ ಪ್ರಯೋಜನ ಇಲ್ಲ.

ಎಲೆಚುಕ್ಕಿ
ವಿಷಯ ಸ್ವಲ್ಪ ಬೇರೆ. ಎಲೆ ಫೋಟೋ ತೆಗೆದ್ರೆ ರೋಗ ಹೇಳೋ ಆ್ಯಪ್ ನಂಬಬಹುದಾ?

ದೋಟಿ
ಅದರ ಹತ್ರ ಒಂದು ಪಟ್ಟಿ ಇರ್ತದೆ, ಪಟ್ಟಿಯಿಂದ ಒಂದನ್ನ ಆರಿಸಲೇಬೇಕು. ಪಟ್ಟಿಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗವೇ ಇಲ್ಲದಿದ್ರೆ ಹತ್ತಿರದ ಬೇರೆ ಯಾವುದೋ ಹೆಸರು ಹೇಳ್ತದೆ. ಒದ್ದೆ ಅಂಗಿಯ ಫೋಟೋ ಹಾಕಿದ್ರೂ ಅದಕ್ಕೊಂದು ರೋಗ ಸಿಕ್ಕೀತು. ಹೊಸ ಚುಕ್ಕಿ, ಹಳೇ ಚುಕ್ಕಿ, ಎಲೆಯ ಅಡಿ, ಇಡೀ ಮರ ಅಂತ ನಾಲ್ಕು ಫೋಟೋ ಹಾಕಿ. ನಾಲ್ಕಕ್ಕೂ ಒಂದೇ ಹೆಸರು ಬಂದ್ರೆ ಮುಂದೆ ಯೋಚಿಸಿ. ಎಲೆಚುಕ್ಕಿಗೂ ಪೊಟ್ಯಾಶ್ ಕೊರತೆಗೂ ಫೋಟೋದಲ್ಲಿ ಗೊಂದಲ ಆಗ್ತದೆ, ಆದ್ರೆ ಮದ್ದು ಪೂರ್ತಿ ಬೇರೆ. ಒಂದಕ್ಕೆ ಶಿಲೀಂಧ್ರನಾಶಕ, ಇನ್ನೊಂದಕ್ಕೆ ಗೊಬ್ಬರ. ಔಷಧಿ ಖರೀದಿಗೆ ಮುಂಚೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕಾ ಕಾಲೇಜಿಗೋ ಎಲೆ ಒಯ್ದು ತೋರಿಸಿ.

ಸೋಗೆ ಮನೆ
ಈಗ ಎಐ ಚಾಟ್‌ಬಾಟ್ ಹತ್ರ ಕನ್ನಡದಲ್ಲೇ ಕೇಳಬಹುದು. ಅಳತೆ, ವಿಧಾನ ಎಲ್ಲ ಹೇಳ್ತದೆ.

ದೋಟಿ
ಹೇಳ್ತದೆ, ಅನುಮಾನವೇ ಇಲ್ಲದ ಹಾಗೆ ಹೇಳ್ತದೆ. ಅಲ್ಲೇ ತೊಂದರೆ. ಸಿಂಪಡಣೆಯ 1% ದ್ರಾವಣಕ್ಕೆ 100 ಲೀಟರ್ ನೀರು, ಕಾಂಡಕ್ಕೆ ಬಳಿಯೋ 10% ಮುಲಾಮಿಗೆ 10 ಲೀಟರ್. ಮೈಲುತುತ್ತ, ಸುಣ್ಣ ಎರಡಕ್ಕೂ ಒಂದೊಂದು ಕೆ.ಜಿ. ಇಂಥವು ಯಂತ್ರದ ಉತ್ತರದಲ್ಲಿ ಕಲಸಿಹೋದ್ರೆ ಓದೋರಿಗೆ ಗೊತ್ತಾಗೋದಿಲ್ಲ, ಕಾಯಿಗೆ ಗೊತ್ತಾಗ್ತದೆ. ಅದೇ ಪ್ರಶ್ನೆಯನ್ನ ಹೊಸದಾಗಿ ಎರಡು ಸಲ, ಬೇರೆ ಮಾತಿನಲ್ಲಿ ಕೇಳಿ. ಅಂಕಿ ಬದಲಾದ್ರೆ ಆ ಉತ್ತರ ಬಿಡಿ. ಬದಲಾಗದಿದ್ರೂ ಡಬ್ಬಿಯ ಲೇಬಲ್ ಅಥವಾ ಇಲಾಖೆಯ ಕೈಪಿಡಿ ಜೊತೆ ತಾಳೆ ನೋಡಿ. ಇಂಗ್ಲಿಷ್ ಬುಲೆಟಿನ್ ಕನ್ನಡಕ್ಕೆ ತಿರುಗಿಸೋಕೆ, ದೂರಿನ ಅರ್ಜಿ ಬರೆಯೋಕೆ ಅದು ಚೆನ್ನಾಗಿದೆ. ಪ್ರಮಾಣಕ್ಕೆ ಬೇಡ.

ಅರಬೈಲ್ ಲಾರಿ
ಮ್ಯಾಪ್ ಕಥೆಯೂ ಇದೇ. ಅರಬೈಲ್, ದೇವಿಮನೆ, ಗೇರುಸೊಪ್ಪೆ, ಅಣಶಿ, ಯಾವ ಘಟ್ಟ ಆದ್ರೂ ನೆಟ್‌ವರ್ಕ್ ಇಲ್ಲದ ಜಾಗ ಇದೆ. ಫೋನುಗಳಿಂದ ಸುದ್ದಿ ಹೋಗದಿದ್ರೆ ಅಲ್ಲಿ ಗಾಡಿ ಕಟ್ಟಿದ್ರೂ ಮ್ಯಾಪ್‌ಗೆ ಬೇಗ ಗೊತ್ತಾಗೋದಿಲ್ಲ. ಮರ ಬಿದ್ದ ಮೊದಲ ಒಂದೆರಡು ತಾಸು ಮ್ಯಾಪ್ ನಂಬಬೇಡಿ. ಘಟ್ಟ ಹತ್ತೋ ಮುಂಚೆ ಕೆಳಗಿನ ಚೆಕ್‌ಪೋಸ್ಟಿನಲ್ಲೋ ಎದುರಿಂದ ಬಂದ ಲಾರಿಯವನ ಹತ್ರವೋ ಕೇಳಿ.

ಗಂಗಾವಳಿ
ಅಲರ್ಟ್ ಬಗ್ಗೆ ಮೇಲೆ ನಗಾಡಿದ್ದಾರೆ. 2024ರ ಜುಲೈ 16ರ, ಅಂಕೋಲಾ ತಾಲೂಕಿನ ಶಿರೂರು ಗುಡ್ಡ ಕುಸಿತ ನೆನಪಿರಲಿ. ಅಡಿಕೆಗೆ ಹಾಕಿದ ಆ ‘ತ’, ‘ತೊ’ ಲೆಕ್ಕ ಇಲ್ಲಿ ಹಾಕಿ. ಗುಡ್ಡದ ಬುಡದ ಮನೆಯಿಂದ ಒಂದು ರಾತ್ರಿ ನೆಂಟರ ಮನೆಗೆ ಹೋದ್ರೆ ಹೋಗೋದು ಒಂದಿಷ್ಟು ಅನುಕೂಲ. ಉಳಿದು ಕುಸಿದ್ರೆ ಹೋಗೋದು ಜೀವ. ಗಡಿ ನೂರಕ್ಕೆ ಒಂದಕ್ಕಿಂತಲೂ ಎಷ್ಟೋ ಕೆಳಗೆ ಬರ್ತದೆ. ಅಂದ್ರೆ ನೂರು ಸಲ ಹೋಗಿ ನೂರು ಸಲವೂ ಏನೂ ಆಗದೆ ವಾಪಸ್ ಬಂದ್ರೂ ತೀರ್ಮಾನ ಸರಿಯೇ. ‘ಹಿಂದಿನ ಮೂರು ಸಲ ಏನೂ ಆಗ್ಲಿಲ್ಲ’ ಅನ್ನೋದು ಅಲರ್ಟ್ ಸುಳ್ಳು ಅನ್ನೋಕೆ ಸಾಕ್ಷಿ ಅಲ್ಲ.

ಹಳಿಯಾಳ ಗದ್ದೆ
ಒಪ್ಪಿದೆ. ಆದ್ರೆ ವಾರಕ್ಕೆ ನಾಲ್ಕು ದಿನ ಕೆಂಪು, ಕಿತ್ತಳೆ ಬಂದ್ರೆ ಯಾರು ದಿನಾ ಗಂಟುಮೂಟೆ ಕಟ್ತಾರೆ? ಜನ ಬೇಸತ್ತು ಫೋನ್ ಪಕ್ಕಕ್ಕಿಡೋದು ಮನುಷ್ಯರ ಸಹಜ.

ಗಂಗಾವಳಿ
ಅದಕ್ಕೇ ಜಿಲ್ಲೆಯ ಬಣ್ಣ ಒಂದನ್ನೇ ನೋಡಬಾರದು. ಭೂವೈಜ್ಞಾನಿಕ ಸರ್ವೇಕ್ಷಣೆಯ ಕುಸಿತ ಸಾಧ್ಯತೆಯ ನಕ್ಷೆ ಎಲ್ಲಿ ಅನ್ನೋದನ್ನ ಹೇಳ್ತದೆ, ಯಾವಾಗ ಅನ್ನೋದನ್ನಲ್ಲ. ಅಲರ್ಟ್ ಯಾವಾಗ ಅಂತ ಹೇಳ್ತದೆ, ಎಲ್ಲಿ ಅಂತಲ್ಲ. ಎರಡೂ ಕೂಡೋ ಕಡೆ ಮಾತ್ರ ಗಂಟು ಕಟ್ಟಬೇಕು. ಅವರ ರಾಷ್ಟ್ರೀಯ ಮುನ್ಸೂಚನಾ ಕೇಂದ್ರ ಕೋಲ್ಕತ್ತಾದಲ್ಲಿ ಶುರು ಆದದ್ದು ಶಿರೂರು ಆದ ಮೂರೇ ದಿನಕ್ಕೆ, ಜುಲೈ 19ಕ್ಕೆ. ಆರಂಭದಲ್ಲಿ ಅದರ ಮುನ್ಸೂಚನೆ ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗೆ. ಇವೆಲ್ಲದರ ಮೇಲೆ ಕಣ್ಣಿಗೆ ಕಾಣೋದು: ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಕಂಬ, ತಿಳಿನೀರಿನ ಒರತೆ ಕೆಂಪಾಗೋದು ಅಥವಾ ಇದ್ದಕ್ಕಿದ್ದಂತೆ ನಿಲ್ಲೋದು, ಬಾಗಿಲು ಕಿಟಕಿ ಬಿಗಿಯಾಗೋದು. ಇವುಗಳಲ್ಲಿ ಒಂದು ಕಂಡ್ರೂ ಆ್ಯಪ್ ಹಸಿರು ತೋರಿಸ್ತಾ ಇದ್ರೂ ಹೊರಡಿ.

ಬೆಟ್ಟ ಭೂಮಿ
ಒಂದು ಮಾತು ಎಲ್ಲರಿಗೂ ಅನ್ವಯ. ಬೇಕಾದ ಉತ್ತರ ಸಿಗೋ ತನಕ ಆ್ಯಪ್ ಬದಲಿಸ್ತಾ ಹೋಗೋ ಚಟ. ಕೊನೆಗೌಡರು ಬಂದು ನಿಂತಿರ್ತಾರೆ, ಮೊದಲ ಆ್ಯಪ್ ‘ಮಳೆ’ ಅಂತದೆ, ಎರಡನೇದೂ ‘ಮಳೆ’, ಮೂರನೇದು ‘ಹೊಳವು’ ಅಂದ ಕೂಡಲೇ ಮೂರನೇದು ಭಾರಿ ನಿಖರ ಆಗಿಬಿಡ್ತದೆ. ಗಡಿಯ ಅಂಕಿಯನ್ನ ಹಿಂದಿನ ರಾತ್ರಿಯೇ ಬರೆದಿಡಿ, ಯಾವ ಆ್ಯಪ್ ಅನ್ನೋದನ್ನೂ. ಆ್ಯಪ್ ತೆಗೆಯೋ ಮುಂಚೆ ನಿಮ್ಮ ಅಂದಾಜನ್ನೂ ಒಂದು ಕಾಲಮ್ಮಿನಲ್ಲಿ ಹಾಕಿ. ತಿಂಗಳು ಕಳೆದ ಮೇಲೆ ಯಾರು ಹೆಚ್ಚು ಸರಿ ಅಂತ ನೋಡಿ. ಕೆಲವರ ಮೂಗು ಆ್ಯಪ್‌ಗಿಂತ ಚುರುಕು, ಆದ್ರೆ ಬರೆದಿಡದೆ ಹಾಗಂತ ಹೇಳಿಕೊಳ್ಳೋರೇ ಹೆಚ್ಚು.

ಪಂಚಾಂಗ ಪ್ರಿಯ
ಪಂಚಾಂಗಕ್ಕೂ ಒಂದು ಕಾಲಮ್ ಇಡಿ ಹಾಗಾದ್ರೆ.

ಡಬ್ಬಿ ಮಾಪಕ
ಇಡ್ತೆ ಭಾವ. ಕಾಲಮ್ ಹೀಗೆ: ದಿನಾಂಕ, ನೋಡಿದ ಹೊತ್ತು, ನಿಮ್ಮ ಅಂದಾಜು, ಆ್ಯಪ್ ಅಂಕಿ, ಪಂಚಾಂಗ, ಬೆಳಿಗ್ಗೆ 7ರಿಂದ 3ರ ತನಕ ಬಂದ ಮಳೆ, 8:30ರ ಒಟ್ಟು, ಹೊಡೆಸಿದ್ರಾ ಇಲ್ವಾ. ತೋಟದವರಿಗೆ ಆರನೇ ಕಾಲಮ್ಮೇ ಮುಖ್ಯ, ಅದಕ್ಕೆ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ಡಬ್ಬಿ ನೋಡಬೇಕು. ಆದ್ರೆ ಚೆಲ್ಲಬೇಡಿ, ಮರುದಿನದ ಒಟ್ಟಿಗೆ ಬೇಕು.

ತೋಟಪಟ್ಟಿ (ಶಿರಸಿ)
7ಕ್ಕೂ ಒಂದು ಸಲ ನೋಡಬೇಕಲ್ಲ, ಇಲ್ಲದಿದ್ರೆ ರಾತ್ರಿಯ ಮಳೆ ಅದರಲ್ಲಿ ಸೇರ್ತದೆ.

ಡಬ್ಬಿ ಮಾಪಕ
ಹೌದು, ಮತ್ತೆ 8:30ಕ್ಕೆ ಡಬ್ಬಿ ಬರಿದು ಮಾಡೋದ್ರಿಂದ 3ರ ಅಂಕಿಗೆ 7ರಿಂದ 8:30ರ ನಡುವಿನದ್ದನ್ನ ಕೂಡಿಸಬೇಕು. ಕಷ್ಟ ಅನ್ನಿಸಿದ್ರೆ ಎರಡು ಡಬ್ಬಿ ಇಡಿ. ಒಂದು 8:30ರದ್ದು, ಇನ್ನೊಂದು 7ಕ್ಕೆ ಬರಿದು ಮಾಡಿ 3ಕ್ಕೆ ನೋಡೋದು.